ಬೆಟ್ಟಮ್ಮನ ವಾರ್ತೆಯೂ ಡೇರಿ ಕ್ಯಾಮೆರಾದ ಕುಂಕುಮವೂ

ಕಲ್ಗುಂಡಿಕೊಪ್ಪಲಿನ ಬೆಟ್ಟಮ್ಮನಿಗೆ ಓದಲು ಬರುತ್ತದೆ, ಕನ್ನಡಕ ಹಾಕಿಕೊಳ್ಳಲು ಮನಸ್ಸು ಬರುವುದಿಲ್ಲ. ಕನ್ನಡಕ ಏರಿಸಿದರೆ ತನಗೆ ವಯಸ್ಸಾಯಿತು ಅಂತ ಕೊಟ್ಟಿಗೆಯ ಹಸುಗಳಿಗೂ ಗೊತ್ತಾಗಿಬಿಡುತ್ತದೆ ಎನ್ನುವುದು ಆಕೆಯ ವಾದ. ಹಾಗಾಗಿ ಫೋನಿನಲ್ಲಿ ಅಕ್ಷರ ಕುಟ್ಟುವ ಗೋಜಿಗೆ ಹೋದವಳಲ್ಲ. ಸೊಸೆ ರಂಜಿತ ಒಂದು ದಿನ ವಾಟ್ಸಾಪಿನಲ್ಲಿ ಮೈಕಿನ ಗುರುತು ತೋರಿಸಿ, "ಇದನ್ನ ಒತ್ತಿ ಹಿಡ್ಕಂಡು ಮಾತಾಡಿ ಅತ್ತೆ, ಕೈ ಬಿಟ್ರೆ ಹೋಯ್ತದೆ" ಅಂದಳು. ಬೆಟ್ಟಮ್ಮ ಒತ್ತಿ ಹಿಡಿದಳು. ಪಾಂಡವಪುರದಿಂದ ಕೆ.ಆರ್.ಪೇಟೆಗೆ ಹೋಗುವ ದಾರಿಯಲ್ಲಿ, ಬೂಕನಕೆರೆಗಿಂತ ಇತ್ತಲಾಗೆ, ಕೇಳಿಕೊಂಡರೆ ಮಾತ್ರ ಬಸ್ಸು ನಿಲ್ಲಿಸುವ ನಮ್ಮೂರಿಗೆ ಅವತ್ತಿನಿಂದ ಒಂದು ಸುದ್ದಿವಾಹಿನಿ ಸಿಕ್ಕಿತು.

ವಾಹಿನಿಗೆ ಸ್ಟುಡಿಯೋ ಅಂದರೆ ಹಾಲಿನ ಡೇರಿಯ ಪಕ್ಕದ ಹೊಂಗೆಮರದ ನೆರಳು. ಬೆಳಿಗ್ಗೆ ಎರಡು ಹಸುವಿನ ಹಾಲು ಹಾಕಿ, ಖಾಲಿ ಕ್ಯಾನನ್ನು ಕಾಲ ಹತ್ತಿರ ಇಟ್ಟುಕೊಂಡು, ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಆಕೆ ಶುರು ಮಾಡುತ್ತಿದ್ದಳು. ಕೇಳುಗರು ಡೇರಿಯ ಗ್ರೂಪಿನವರು. ಹಾಲಿನ ದುಡ್ಡಿನ ಬಟವಾಡೆ ಯಾವತ್ತು, ದನದ ಡಾಕ್ಟರು ಯಾವತ್ತು ಬರುತ್ತಾರೆ ಎಂದು ತಿಳಿಸಲು ಡೇರಿಯ ಸೆಕ್ರೆಟ್ರಿ ಶಿವಶಂಕರ್ ಕಟ್ಟಿದ್ದ ಗ್ರೂಪದು. ಡಾಕ್ಟರು ಬರುವುದು ಅಪರೂಪವಾದ್ದರಿಂದ ಗ್ರೂಪಿನಲ್ಲಿ ಜಾಗ ಬೇಕಾದಷ್ಟಿತ್ತು.

"ನಮಸ್ಕಾರ. ವಾರ್ತೆಗಳು. ಓದ್ತಾ ಇರೋರು ಯಾರೂ ಇಲ್ಲ, ಯೋಳ್ತಾ ಇರೋಳು ಬೆಟ್ಟಮ್ಮ. ಯಾವ್ದೋ ದೇಸದಲ್ಲಿ ಹಸಕ್ಕೆ ಟಿ.ವಿ. ತೋರಿಸ್ತಾರಂತೆ, ಹಾಲು ಜಾಸ್ತಿ ಕೊಡ್ಲಿ ಅಂತ. ನಮ್ಮನೇಲಿ ದಿನಾ ಟಿ.ವಿ. ನೋಡೋರು ನಮ್ಮೆಜಮಾನ್ರು. ಇದುವರ್ಗೂ ಏನೂ ಕೊಟ್ಟಿಲ್ಲ."

ಮಳೆಗಾಲ ಬಂದರೆ ನಮ್ಮ ಕಡೆಯ ಗಂಡಸರು ಎದ್ದ ತಕ್ಷಣ ಕೆ.ಆರ್.ಎಸ್. ಕಟ್ಟೆಯ ನೀರಿನ ಮಟ್ಟವನ್ನು, ತಮ್ಮದೇ ಬಿ.ಪಿ. ನೋಡಿಕೊಂಡ ಹಾಗೆ ನೋಡಿಕೊಂಡು, ಊರಿಗೆಲ್ಲ ಕಳಿಸುತ್ತಾರೆ. ಅರ್ಧ ಅಡಿ ಏರಿದರೆ ತಾವೇ ಹೆಗಲ ಮೇಲೆ ಹೊತ್ತು ತಂದು ಸುರಿದ ಗತ್ತು. ಬೆಟ್ಟಮ್ಮ ಅದನ್ನೂ ಬಿಡಲಿಲ್ಲ. "ಕಟ್ಟೆ ಮಟ್ಟ ನಿಮ್ಮ ಗಂಡಂದಿರು ಯೋಳವ್ರೆ. ನಮ್ಮ ಬೀದಿ ನಲ್ಲಿ ಮಟ್ಟ ನಾನು ಯೋಳ್ತೀನಿ. ಇವತ್ತು ಮುಕ್ಕಾಲು ಬಿಂದಿಗೆ. ಒಳಹರಿವು ಇಲ್ಲ. ಹೊರಹರಿವು ಪೈಪು ಒಡೆದಿರೋ ಕಡೆ ಜೋರಾಗದೆ."

ಇನ್ನೊಂದು ದಿನ ಮೇಲುಕೋಟೆಯ ಸುದ್ದಿ. "ಕಲ್ಯಾಣಿ ಮೆಟ್ಲ ಮ್ಯಾಲೆ ಮದ್ವೆಗ್ ಮುಂಚಿನ ಫೋಟ ತೆಗೆಸ್ಕತಿದ್ದ ಗಂಡಿನ ಕೂಲಿಂಗ್ ಗ್ಲಾಸ್ನ ಕೋತಿ ಕಿತ್ಕಂಡು ಹಾಕ್ಕಂತು. ನೋಡಿದೋರು ಯೋಳದು, ಕೋತಿಗೇ ಒಪ್ತಿತ್ತಂತೆ. ಹೆಣ್ಣಿನ ಕಡೆಯೋರು ಇನ್ನೂ ಯೋಚ್ನೆ ಮಾಡ್ತಾವ್ರೆ."

ರಂಜಿತಳ ತವರು ನಾಗಮಂಗಲದ ಕಡೆ. ಅವಳು ತವರಿಗೆ ಕಳಿಸಿದಳು, ತವರಿನವರು ಶ್ರೀರಂಗಪಟ್ಟಣದಲ್ಲಿ ಹೋಟೆಲಿಟ್ಟ ನೆಂಟರಿಗೆ ಕಳಿಸಿದರು. ಬೆಟ್ಟಮ್ಮನ ದನಿ ಆಕೆ ಜನ್ಮದಲ್ಲಿ ಕಾಲಿಡದ ಊರುಗಳಲ್ಲೆಲ್ಲ ಓಡಾಡತೊಡಗಿತು. ಆಕೆಗೆ ಅದರಿಂದ ಬಂದ ಲಾಭವೆಂದರೆ, ಕರು ಕೊಳ್ಳಲು ಬಂದ ಯಾರೋ ದಲ್ಲಾಳಿ "ನೀವು ವಾರ್ತೆ ಬೆಟ್ಟಮ್ಮನವರಾ?" ಅಂತ ಬಹುವಚನ ಹಚ್ಚಿದ್ದು. "ಬಹುವಚನ ಹಚ್ಚಿದೋನು ಬೆಲೆ ಇಳಿಸ್ತಾನೆ" ಅಂತ ಆಕೆ ಕರು ಕೊಡಲಿಲ್ಲ.

ಇಷ್ಟರಲ್ಲೇ ಮುಗಿದಿದ್ದರೆ ಇದು ನಗೆಯ ಮಾತಾಗಿ ಉಳಿಯುತ್ತಿತ್ತು. ಆದರೆ ನಮ್ಮ ಡೇರಿಗೆ ಒಬ್ಬ ಅಧ್ಯಕ್ಷರಿದ್ದಾರೆ.

ನಾಗರಾಜು ಅಧ್ಯಕ್ಷರಾಗುವುದಕ್ಕೆ ಮುಂಚೆ ಬರೀ ನಾಗರಾಜುವಾಗಿದ್ದ. ಗೆದ್ದ ಮಾರನೆಯ ದಿನದಿಂದ ಇಸ್ತ್ರಿ ಮುರಿಯದ ಬಿಳಿ ಅಂಗಿ, ಬಿಳಿ ಪಂಚೆ, ಜೇಬಿನಲ್ಲಿ ಬರೆಯದ ಪೆನ್ನು. ಮಾತಿನಲ್ಲಿ 'ನಾನು' ಹೋಗಿ 'ಅಧ್ಯಕ್ಷನಾದ ನಾನು' ಬಂತು. ಮನೆಗೆ ಯಾರಾದರೂ ಹುಡುಕಿಕೊಂಡು ಹೋದರೆ ಹೆಂಡತಿ ಬಾಗಿಲಲ್ಲೇ, "ಅಧ್ಯಕ್ಷ್ರು ಮುಖ ತೊಳೀತಾವ್ರೆ, ಕುಂತ್ಕಳಿ" ಅನ್ನಬೇಕು ಎಂದು ಕಟ್ಟಪ್ಪಣೆಯಾಯಿತು. ಊರಿನಲ್ಲಿ ಎಲ್ಲರೂ ಇದಕ್ಕೆ ಒಗ್ಗಿಕೊಂಡರು, ಒಬ್ಬಳು ಬಿಟ್ಟು. ಬೆಟ್ಟಮ್ಮ ಅವನಿಗೆ ವರಸೆಯಲ್ಲಿ ಅತ್ತಿಗೆ. ಗಂಡನ ಚಿಕ್ಕಪ್ಪನ ಮಗ ನಾಗರಾಜು. ಆಕೆ ಮದುವೆಯಾಗಿ ಬಂದಾಗ ಚಡ್ಡಿ ಜಾರಿಸಿಕೊಂಡು ಓಡಾಡುತ್ತಿದ್ದವನು, ಹೊಸ ಅತ್ತಿಗೆಯ ರೇಷ್ಮೆ ಸೆರಗಿಗೆ ಮೂಗು ಒರೆಸಿದವನು. ಅಂಥವನನ್ನು ಅಧ್ಯಕ್ಷರೇ ಅನ್ನಲು ಆಕೆಯ ನಾಲಗೆ ಏಳುತ್ತಿರಲಿಲ್ಲ. ತುಂಬಿದ ಸಭೆಯಲ್ಲೂ "ಲೇ ನಾಗ" ಅನ್ನುತ್ತಿದ್ದಳು. ಅವನು ಕೇಳಿಸದವನಂತೆ ಜೇಬಿನ ಪೆನ್ನು ಸರಿಮಾಡಿಕೊಳ್ಳುತ್ತಿದ್ದ.

ಹಾಲಿಗೆ ನೀರು ಬೆರೆಸುವವರನ್ನು ಹಿಡಿದೇ ಹಿಡಿಯುತ್ತೇನೆ ಎಂದು ಚುನಾವಣೆಯಲ್ಲಿ ಮಾತು ಕೊಟ್ಟಿದ್ದ ನಾಗರಾಜು ಡೇರಿಗೆ ಸಿ.ಸಿ. ಕ್ಯಾಮೆರಾ ತರಿಸಿದ. ನೀರು ಬೆರೆಸುವವರು ಮನೆಯಲ್ಲೇ ಬೆರೆಸಿಕೊಂಡು ಬರುತ್ತಾರೆ, ಕ್ಯಾಮೆರಾದ ಕೆಳಗೆ ಬಂದು ಬೆರೆಸುವುದಿಲ್ಲ ಎಂದು ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಡೇರಿ ಅಂಗಳದಲ್ಲಿ ಕ್ಯಾನು ತೊಳೆಯುವ ನಲ್ಲಿ ಇದೆಯಲ್ಲ, ಅದರ ಕಡೆಗೇ ಮುಖ ಮಾಡಿಸಿ ಬಾಗಿಲ ಮೇಲೆ ಅದನ್ನು ಕೂರಿಸಿದರು.

ನಮ್ಮಲ್ಲಿ ಹೊಸದಾಗಿ ಏನು ಬಂದರೂ ಮೊದಲು ಪೂಜೆ. ಟ್ರಾಕ್ಟರಿಗಾಗಲಿ ಮಿಕ್ಸಿಗಾಗಲಿ ಹೂವು, ನಿಂಬೆಹಣ್ಣು, ಅರಿಶಿನ, ಕುಂಕುಮ ತಪ್ಪುವುದಿಲ್ಲ. ಕ್ಯಾಮೆರಾಗೂ ಐನೋರನ್ನು ಕರೆಸಿದರು. ಐನೋರು ಸ್ಟೂಲಿನ ಮೇಲೆ ಹತ್ತಿ, ಹಾರ ಹಾಕಿ, ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಹೆಬ್ಬೆಟ್ಟಿಗೆ ತೆಗೆದುಕೊಂಡು ಹಣೆ ಹುಡುಕಿದರು. ಪಾಪ, ಕ್ಯಾಮೆರಾಗೆ ಹಣೆ ಎಲ್ಲಿಂದ ಬರಬೇಕು? ಮುಖವೆಲ್ಲ ಒಂದೇ ಕಣ್ಣು. ಐನೋರು ಮುಖದ ನಟ್ಟನಡುವೆ ಒತ್ತಿ ಬೊಟ್ಟಿಟ್ಟರು. ಜನ ಚಪ್ಪಾಳೆ ತಟ್ಟಿದರು. ನಾಗರಾಜು ಅದರ ಕೆಳಗೆ ನಿಂತು ಫೋಟೊ ತೆಗೆಸಿಕೊಂಡ.

ಒಳಗೆ ಶಿವಶಂಕರನ ಮೇಜಿನ ಮೇಲಿದ್ದ ಟಿ.ವಿ. ಪೂಜೆಯಾದ ಗಳಿಗೆಯಿಂದ ಕೆಂಪಗೆ ಕೂತಿತು.

"ಅಧ್ಯಕ್ಷ್ರೇ, ಟಿ.ವಿ.ಲಿ ಏನೂ ಕಾಣ್ತಾ ಇಲ್ಲ. ಬರೀ ಕೆಂಪು" ಅಂದ ಶಿವಶಂಕರ್.

"ಹೊಸದಲ್ವೇನಯ್ಯ. ಸೆಟ್ ಆಯ್ತದೆ ಬುಡು."

"ಒಸಿ ಒರೆಸ್ಬುಡ್ಲಾ?"

"ಐನೋರು ಮಂತ್ರ ಹಾಕಿ ಇಟ್ಟಿರೋ ಕುಂಕುಮಾನ ಒರೆಸ್ತೀಯಾ? ಡೇರಿ ಉದ್ಧಾರ ಆಗದು ಬ್ಯಾಡ್ವಾ ನಿಂಗೆ?"

ಕುಂಕುಮ ಅಳಿಸುವುದು ಅಂದರೆ ನಮ್ಮಲ್ಲಿ ಯಾರ ಕೈಯೂ ಮುಂದೆ ಬರುವುದಿಲ್ಲ. ಅದು ತಾನಾಗಿಯೇ ಉದುರಬೇಕು. ಎಣ್ಣೆಯಲ್ಲಿ ಕಲಸಿದ್ದು ಉದುರುವುದಿಲ್ಲ. ಡೇರಿಯ ಕಣ್ಗಾವಲು ಹೀಗೆ ಕಣ್ಮುಚ್ಚಿಕೊಂಡು ನಡೆಯುತ್ತಿತ್ತು. ಅದನ್ನು ಗಮನಿಸಿದ್ದು ಸರದಿಯಲ್ಲಿ ನಿಂತು ಬೇಸರವಾಗಿ ಮೇಲೆ ನೋಡಿದ ಬೆಟ್ಟಮ್ಮ. ದೂರದ್ದು ನೋಡಲು ಆಕೆಗೆ ಕನ್ನಡಕ ಬೇಕಿಲ್ಲ.

ಅವತ್ತಿನ ವಾರ್ತೆ ಹೀಗಿತ್ತು:

"ನಮಸ್ಕಾರ. ಪ್ರಪಂಚದಲ್ಲಿ ಎಲ್ಲೂ ಇಲ್ದಿರೋ ಕ್ಯಾಮೆರಾ ನಮ್ಮೂರ ಡೇರಿಲದೆ. ಮಿಕ್ಕ ಕಡೆ ಕ್ಯಾಮೆರಾಗಳು ಕಳ್ಳರನ್ನ ನೋಡ್ತವೆ. ನಮ್ದು ಯಾರನ್ನೂ ನೋಡಕಿಲ್ಲ, ಎಲ್ರಿಗೂ ಆಶೀರ್ವಾದ ಮಾಡ್ತದೆ. ಕಣ್ತುಂಬ ಕುಂಕುಮ ಇಟ್ಕಂಡು ಕುಂತದೆ ನಮ್ಮವ್ವ. ಹಾಲಿಗೆ ನೀರು ಹಾಕೋರು ಮೊದ್ಲು ಕೈ ಮುಗಿದು, ಆಮ್ಯಾಲೆ ಹಾಕ್ಬೇಕಾಗಿ ವಿನಂತಿ. ಅಧ್ಯಕ್ಷನಾದ ನಮ್ಮ ನಾಗ ದಿನಾ ಅದ್ರ ಮುಂದೆ ನಿಂತ್ಕಂಡು ತಲೆ ಬಾಚ್ಕತಾನೆ. ಅದೊಂದು ಅದಕ್ಕೆ ಕಾಣ್ತಿಲ್ಲ ಅನ್ನದೇ ಸಮಾಧಾನ."

ಜೊತೆಗೊಂದು ಫೋಟೊ. ಹಾರ ಬಾಡಿತ್ತು, ಬೊಟ್ಟು ಮಾತ್ರ ಹೊಸದರಂತೆ ಹೊಳೆಯುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಅದು ನಾಗಮಂಗಲ ದಾಟಿತ್ತು. ಯಾರೋ ಪುಣ್ಯಾತ್ಮರು ಹಿನ್ನೆಲೆಗೆ ಗಂಟೆ ಜಾಗಟೆ ಸೇರಿಸಿದರು. ಕೆ.ಆರ್.ಎಸ್. ಬಸ್ಸಿನಲ್ಲಿ ಹೆಂಗಸರು ಕೇಳಿಕೊಂಡು ನಕ್ಕರಂತೆ. ಅದೇ ವಾರ ಕೆ.ಆರ್.ಪೇಟೆಯಲ್ಲಿ ಸುತ್ತಮುತ್ತಲ ಡೇರಿ ಅಧ್ಯಕ್ಷರೆಲ್ಲ ಸೇರುವ ಸಭೆಯಿತ್ತು. ನಾಗರಾಜು ಒಳಗೆ ಕಾಲಿಡುತ್ತಿದ್ದಂತೆ ಒಬ್ಬರು ಎದ್ದು ನಿಂತು, "ಬನ್ನಿ ಬನ್ನಿ, ಕ್ಯಾಮೆರಾಗೆ ಮಂಗಳಾರತಿ ಆಯ್ತಾ, ಇಲ್ಲ ನೀವು ವಾಪಸ್ ಬರ್ಲಿ ಅಂತ ಕಾಯ್ತಾವ್ರಾ?" ಅಂದರು. ತನಗೆ ಸರಿಸಮನಾದವರು ನಕ್ಕಾಗ ಆಗುವ ನೋವು ಊರಿನವರು ನಕ್ಕಾಗ ಆಗುವುದಿಲ್ಲ. ನಾಗರಾಜು ಸಭೆಯ ಊಟ ಮಾಡದೆ ಹೊರಟುಬಂದ. ಬಾಡೂಟ ಬಿಟ್ಟು ಬಂದನೆಂದರೆ ಏಟು ಎಷ್ಟು ಆಳಕ್ಕೆ ಬಿದ್ದಿತ್ತೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನೇರ ಬೆಟ್ಟಮ್ಮನ ಮನೆಗೆ ಬಂದ. ಆಕೆ ಹಸುವಿಗೆ ಬೂಸಾ ಕಲಸುತ್ತಿದ್ದಳು.

"ಅತ್ಗೆ, ಅದನ್ನ ಅಳ್ಸು."

"ಯಾವುದ್ಲಾ?"

"ಗೊತ್ತಿಲ್ದಂಗೆ ಆಡ್ಬೇಡ. ಕ್ಯಾಮೆರಾದು. ಅಳ್ಸಿ, ತಪ್ಪಾಯ್ತು ಅಂತ ಗ್ರೂಪಲ್ಲಿ ಯೋಳು."

"ಏನ್ ಸುಳ್ಳು ಯೋಳಿದೀನಿ, ಅದನ್ನ ಮೊದ್ಲು ಯೋಳು."

ನಾಗರಾಜು ಜೇಬಿನ ಪೆನ್ನು ಸರಿಮಾಡಿಕೊಂಡ. "ನಿಜಾನೇ ಅಂದ್ಕ. ನಿಜ ಅಂತ ಎಲ್ಲಾ ತಾವ ಯೋಳ್ಕಂಡು ತಿರುಗ್ತಾರಾ? ಸ್ಥಾನಕ್ಕೊಂದು ಮರ್ವಾದೆ ಬ್ಯಾಡ್ವಾ?"

"ಮರ್ವಾದೆನ ತಕ್ಕೊಂಡೋಗಿ ಬಾಗ್ಲ ಮ್ಯಾಲೆ ನೇತಾಕಿದ್ಯಾ? ಒಂದು ಒದ್ದೆ ಬಟ್ಟೆ ತಕ್ಕ, ಒರೆಸು. ನಾಳೆ ನಾನೇ ಯೋಳ್ತೀನಿ, ನಮ್ಮ ಕ್ಯಾಮೆರಾಗೆ ಕಣ್ಣು ಬಂತು, ನಮ್ಮ ನಾಗ ತರಿಸ್ದ ಅಂತ."

ಒಳ್ಳೆಯ ಸಲಹೆಯೇ. ಆದರೆ ನಾಗರಾಜುವಿನ ತೊಂದರೆ ಬೇರೆ. ಈಗ ಒರೆಸಿದರೆ ಬೆಟ್ಟಮ್ಮ ಹೇಳಿದ್ದು ನಿಜವಾಗಿತ್ತು ಎಂದು ಒಪ್ಪಿದಂತೆ. ಒರೆಸದಿದ್ದರೆ ಕ್ಯಾಮೆರಾ ಕುರುಡು. ಮಾನವಂತರಾದ ಅಧ್ಯಕ್ಷರು ಇಂಥ ಸಂದರ್ಭದಲ್ಲಿ ಮಾಡಬೇಕಾದ್ದನ್ನೇ ಅವನು ಮಾಡಿದ. ಕ್ಯಾಮೆರಾ ಸರಿಯಾಗಿಯೇ ಇದೆ, ಮೊದಲಿನಿಂದಲೂ ಚೆನ್ನಾಗಿಯೇ ಕಾಣುತ್ತಿದೆ ಎಂದುಬಿಟ್ಟ.

ಮಾರನೆಯ ಬೆಳಿಗ್ಗೆ ಬೆಟ್ಟಮ್ಮ ಕ್ಯಾನಿನ ಮುಚ್ಚಳ ತೆಗೆದಾಗ ಶಿವಶಂಕರ್ ನೆಲ ನೋಡಿಕೊಂಡು, "ಡಿಗ್ರಿ ಬರ್ತಾ ಇಲ್ಲ ದೊಡ್ಡವ್ವ, ವಾಪಸ್ ತಕ್ಕಂಡೋಗಿ" ಅಂದ.

"ಇನ್ನೂ ಅದ್ದೇ ಇಲ್ವಲ್ಲಪ್ಪ. ಡಿಗ್ರಿ ಎಲ್ಲಿಂದ ಬತ್ತದೆ?"

ಹಾಲಿನ ಗಟ್ಟಿತನ ನೋಡುವ ಗಾಜಿನ ಕಡ್ಡಿ ಶಿವಶಂಕರನ ಕೈಯಲ್ಲಿ ಒಣಗಿಕೊಂಡೇ ಇತ್ತು. ಅವನು ಫೋನು ತೆಗೆದು ಓದಿದ. ಗ್ರೂಪಿನಲ್ಲಿ ಅಧ್ಯಕ್ಷರ ಪ್ರಕಟಣೆ ಬಂದಿತ್ತು, ಕಚೇರಿಯ ಕನ್ನಡದಲ್ಲಿ: 'ಸಿ.ಸಿ. ಕ್ಯಾಮೆರಾದಲ್ಲಿ ಸ್ಪಷ್ಟವಾಗಿ ದಾಖಲಾಗಿರುವಂತೆ, ಸದಸ್ಯರಾದ ಬೆಟ್ಟಮ್ಮನವರು ಡೇರಿ ನಲ್ಲಿಯ ಬಳಿ ಹಾಲಿಗೆ ನೀರು ಬೆರೆಸಿರುವುದು ಕಂಡುಬಂದಿರುತ್ತದೆ. ಸದರಿಯವರು ತಮ್ಮ ಅವಹೇಳನಕಾರಿ ಧ್ವನಿಸಂದೇಶವನ್ನು ಅಳಿಸಿ, ಕ್ಷಮೆ ಯಾಚಿಸುವವರೆಗೂ ಅವರ ಹಾಲನ್ನು ಸ್ವೀಕರಿಸತಕ್ಕದ್ದಲ್ಲ.'

ನೀರು ಬೆರೆಸಿದ್ದಕ್ಕೂ ಧ್ವನಿಸಂದೇಶಕ್ಕೂ ಏನು ಸಂಬಂಧ ಎಂದು ಯಾರೂ ಕೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ಬೆಟ್ಟಮ್ಮ ಕ್ಯಾನು ಹೊತ್ತು ಮನೆಗೆ ನಡೆದಳು. ಆ ಮನೆಯ ಉಪ್ಪು ಮೆಣಸಿನಕಾಯಿಯಿಂದ ಹಿಡಿದು ಗಂಡನ ಮಂಡಿನೋವಿನ ಮಾತ್ರೆಯವರೆಗೆ ಬರುವುದು ಡೇರಿಯ ಬಟವಾಡೆಯಿಂದ. ಆದರೆ ಆಕೆಯನ್ನು ಸುಟ್ಟದ್ದು ಅದಲ್ಲ. ಹಾಲು ಮಾರುವ ಹೆಂಗಸನ್ನು ಏನೇ ಅನ್ನಿ, ಬಾಯಿಬಡುಕಿ ಅನ್ನಿ, ಗಯ್ಯಾಳಿ ಅನ್ನಿ, ತಿರುಗಿ ಎರಡು ಅಂದು ಮರೆಯುತ್ತಾಳೆ. ನೀರು ಹಾಕುವವಳು ಅನ್ನಬಾರದು. ಅದು ಸೊಸೆಯ ತವರಿಗೆ ಹೋಗುತ್ತದೆ, ಹೆಣ್ಣು ಕೇಳಲು ಬಂದವರ ಕಿವಿಗೆ ಬೀಳುತ್ತದೆ, ಸತ್ತ ಮೇಲೂ ಜಗುಲಿಯ ಮೇಲೆ ಕೂತಿರುತ್ತದೆ.

"ಅಳ್ಸ್ಬುಡೆ, ಏನೀಗ" ಅಂದ ಗಂಡ, ಟಿ.ವಿ.ಯಿಂದ ಕಣ್ಣು ತೆಗೆಯದೆ. "ಒಂದು ಬಟನ್ನು."

"ಅಳ್ಸಿದ್ರೆ ನೀರು ಹಾಕಿದ್ದೆ ಅಂತ ಒಪ್ಕಂಡಂಗೆ. ನಾನು ಅಳ್ಸಕಿಲ್ಲ."

ಹಾಲು ಮೊಸರಾಯಿತು, ಮೊಸರು ಮಜ್ಜಿಗೆಯಾಯಿತು, ಬೀದಿಯ ಮಂದಿಯೆಲ್ಲ ಕುಡಿದರು. ಪಾಂಡವಪುರದ ಟೀ ಅಂಗಡಿಯವನೊಬ್ಬ ಹಾಲನ್ನು ತಾನೇ ಕೊಳ್ಳುತ್ತೇನೆಂದು ಹೇಳಿ ಕಳಿಸಿದ. ರಂಜಿತ ಹಿಗ್ಗಿದಳು. ಬೆಟ್ಟಮ್ಮ ಒಲ್ಲೆನೆಂದಳು: "ನನ್ನ ಹಾಲು ಕೆಟ್ಟಿಲ್ಲ ಕಣವ್ವ. ಹಿತ್ಲ ಬಾಗಿಲಲ್ಲಿ ಯಾಕೆ ಮಾರ್ಬೇಕು? ಎಲ್ಲಿ ಬ್ಯಾಡ ಅಂದವ್ನೋ ಅಲ್ಲೇ ಹಾಕ್ತೀನಿ."

ವಾರ್ತೆಯೂ ನಿಲ್ಲಲಿಲ್ಲ. "ಈಗ ಬಂದ ಸುದ್ದಿ. ಒಂದು ತಿಂಗಳಿಂದ ಯಾರನ್ನೂ ನೋಡ್ದಿರೋ ಕ್ಯಾಮೆರಾ ಬೆಟ್ಟಮ್ಮನ್ನ ಮಾತ್ರ ನೋಡ್ಬುಡ್ತಂತೆ. ಅಷ್ಟೊಂದು ಪ್ರೀತಿ ನನ್ನ ಮ್ಯಾಲೆ ನಮ್ಮೆಜಮಾನ್ರಿಗೂ ಇರ್ಲಿಲ್ಲ. ಆ ದಾಖಲೆನ ಊರ ಮುಂದೆ ತೋರಿಸ್ಲಿ. ಭಾನುವಾರ ಡೇರಿ ಅಂಗಳದಲ್ಲಿ ನ್ಯಾಯ ಇಡಿಸಿದೀನಿ. ಬರೋರು ಬನ್ನಿ."

ಬಾರದವರು ಯಾರು? ಬೂಕನಕೆರೆಯಿಂದಲೂ ಒಂದೆರಡು ಬೈಕು ಬಂದವು. ನ್ಯಾಯ ಹೇಳುವುದಕ್ಕೆ ಯಜಮಾನ ಚಿಕ್ಕಯ್ಯ ಕುರ್ಚಿ ಹಾಕಿಸಿಕೊಂಡು ಕೂತ. ಚಿಕ್ಕಯ್ಯನ ತೀರ್ಪು ಯಾವ ಜಗಳಕ್ಕಾದರೂ ಒಂದೇ. ಎರಡು ಕಡೆಯವರದೂ ತಪ್ಪು, ಇಬ್ಬರೂ ಕೈ ಹಿಡಿಯಿರಿ, ಕಾಫಿ ತರಿಸಿ. ನಲವತ್ತು ವರ್ಷದಿಂದ ಅವನ ನ್ಯಾಯದಲ್ಲಿ ಯಾರೂ ಗೆದ್ದದ್ದಿಲ್ಲ, ಹಾಗಾಗಿ ಅವನಿಗೆ ಶತ್ರುಗಳೂ ಇಲ್ಲ.

ಶಿವಶಂಕರ್ ಒಳಗಿನ ಟಿ.ವಿ.ಯನ್ನು ಹೊತ್ತು ತಂದು ಕಿಟಕಿಯಲ್ಲಿಟ್ಟ. ಬೆಟ್ಟಮ್ಮ ನೀರು ಬೆರೆಸಿದಳೆನ್ನಲಾದ ದಿನದ ಬೆಳಗಿನ ದಾಖಲೆ ಹಾಕಿದ. ಪರದೆ ಕೆಂಪಾಯಿತು. ಎಲ್ಲರೂ ಕಾದರು. ಕೆಂಪಾಗಿಯೇ ಇತ್ತು. ಅಂಚಿನಲ್ಲಿ ಒಂದು ಗೆರೆಯಷ್ಟು ಬೆಳಕು, ಕೆಳಗಡೆ ಏನೋ ಕಪ್ಪಗೆ.

"ನಾನೆಲ್ಲಿದ್ದೀನಿ ತೋರಿಸಪ್ಪ" ಅಂದಳು ಬೆಟ್ಟಮ್ಮ.

ನಾಗರಾಜು ಪೆನ್ನು ತೆಗೆದು ಕಪ್ಪನೆಯದನ್ನು ಮುಟ್ಟಿ ತೋರಿಸಿದ. "ಇದೇ. ಬಗ್ಗಿ ನಲ್ಲಿ ತಿರುಗಿಸ್ತಾ ಇದೀಯ, ಕಾಣಲ್ವಾ?"

"ಅದು ನಾನಾ?"

"ಇನ್ಯಾರು ಮತ್ತೆ!"

"ಅದ್ರ ಸುತ್ತ ಗೆರೆ ಗೆರೆ ಅವಲ್ಲ, ಅವೇನು?"

"ಅದು... ಸೀರೆ. ಸೀರೆ ಗೆರೆ."

ಅಲ್ಲಿಯವರೆಗೂ ಬಾಯಿಬಿಡದಿದ್ದ ಶಿವಶಂಕರ್ ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿ, ಯೋಚಿಸದೆ ಅಂದುಬಿಟ್ಟ: "ಅಧ್ಯಕ್ಷ್ರೇ, ಇದು ಐನೋರ ಹೆಬ್ಬೆಟ್ಟು."

ನಗು ಎದ್ದು ಹೊಂಗೆಮರದ ಕಾಗೆಗಳೆಲ್ಲ ಹಾರಿದವು. ಐನೋರು ಜನರ ನಡುವೆಯೇ ಇದ್ದರು, ಹೆಬ್ಬೆಟ್ಟು ಮಡಚಿ ಮುಷ್ಟಿಯೊಳಗೆ ಸೇರಿಸಿಕೊಂಡರು. ನಾಗರಾಜು ಮಾತ್ರ ಪೆನ್ನು ಹಿಡಿದು ಹಾಗೇ ನಿಂತಿದ್ದ. "ಟೆಕ್ನಿಕಲ್ ಸಮಸ್ಯೆ" ಅಂದ. "ಆಮ್ಯಾಲೆ ಸರಿ ಹೋಗಿ ಸ್ಪಷ್ಟವಾಗಿ ಕಾಣ್ತಿತ್ತು, ಅಧ್ಯಕ್ಷನಾದ ನಾನೇ ನೋಡಿದೀನಿ."

ಚಿಕ್ಕಯ್ಯ ಕೈ ಎತ್ತಿದ. "ಆಯ್ತು ಬುಡ್ರಪ್ಪ. ನೋಡಿ, ಎರಡು ಕಡೆಗೂ ತಪ್ಪದೆ. ನಾಗರಾಜ, ನೀನು ನೀರಿನ ಮಾತು ಬುಟ್ಬುಡು. ಬೆಟ್ಟವ್ವ, ನೀನು ಅದನ್ನ ಅಳ್ಸು. ನಾಳೆಯಿಂದ ಹಾಲು ಹಾಕು. ಯಾರಲ್ಲಿ, ಕಾಪಿ ತರ್ಸಿ."

ಊರು ಒಪ್ಪಿದ ಹಾಗೆ ತಲೆಯಾಡಿಸಿತು. ಕಾಫಿ ಎಂದ ಮೇಲೆ ಮುಗಿದ ಹಾಗೇ.

"ಅಳ್ಸಕಿಲ್ಲ ಮಾವ" ಅಂದಳು ಬೆಟ್ಟಮ್ಮ.

ಚಿಕ್ಕಯ್ಯನ ಕೈ ಗಾಳಿಯಲ್ಲೇ ನಿಂತಿತು. ತೀರ್ಪಾದ ಮೇಲೆ ಯಾರೂ ಹಾಗೆ ಅಂದದ್ದಿಲ್ಲ.

"ನಾನು ಯೋಳಿದ್ದು ಸುಳ್ಳಾ? ಇಗೋ, ಎಲ್ರೂ ನೋಡಿದ್ರಿ. ಅವ್ನು ಯೋಳಿದ್ದು ನಿಜಾನಾ? ಅದನ್ನೂ ನೋಡಿದ್ರಿ. ಸುಳ್ಳು ಯೋಳ್ದೋನು ಮಾತು ಬುಟ್ರೆ ಸಾಕು, ನಿಜ ಯೋಳ್ದೋಳು ಅಳ್ಸ್ಬೇಕು. ಇದ್ಯಾವ ತಕ್ಕಡಿ ಮಾವ? ತೂಗೋನು ನೀನು, ಅದ್ಕೆ ಕೇಳ್ತೀನಿ."

"ಹೆಂಗಸ್ರು ಇಷ್ಟೊಂದು ಹಟ ಮಾಡ್ಬಾರ್ದವ್ವ."

"ಗಂಡಸ್ರು ಇಷ್ಟೊಂದು ಪೂಜೆ ಮಾಡ್ಬಾರ್ದು."

ಕಾಫಿ ಬಂತು. ಬೆಟ್ಟಮ್ಮ ಕುಡಿಯದೆ ಹೊರಟಳು. ಹಾಗಾಗಿ ತೀರ್ಪು ಕಾಯಂ ಆಗಲಿಲ್ಲ, ಹಾಲಿನ ಮೇಲಿನ ನಿಷೇಧ ಕಾಯಂ ಆಯಿತು.

ಆಮೇಲೆಯೂ ಬೆಟ್ಟಮ್ಮ ಬೆಳಿಗ್ಗೆ ಬೆಳಿಗ್ಗೆ ಕ್ಯಾನು ತೊಳೆದು, ಹಾಲು ತುಂಬಿ, ಡೇರಿಗೆ ಬರುತ್ತಿದ್ದಳು. ಸರದಿಯಲ್ಲಿ ನಿಲ್ಲುತ್ತಿದ್ದಳು. ತನ್ನ ಸರದಿ ಬಂದಾಗ ಮುಚ್ಚಳ ತೆಗೆಯುತ್ತಿದ್ದಳು. ಶಿವಶಂಕರ್ ತಲೆ ತಗ್ಗಿಸಿ ಇಲ್ಲವೆನ್ನುತ್ತಿದ್ದ. "ನಿನ್ನ ತಪ್ಪಲ್ಲ ಬುಡಪ್ಪ" ಎಂದು ಮುಚ್ಚಳ ಹಾಕಿ ಹೊರಡುತ್ತಿದ್ದಳು. ಜಗಳವಿಲ್ಲ, ಅಳುವಿಲ್ಲ. ಇದನ್ನು ದಿನಾ ನೋಡುವುದು ಸರದಿಯಲ್ಲಿದ್ದವರಿಗೆ ಜಗಳಕ್ಕಿಂತ ಕಷ್ಟವಾಗತೊಡಗಿತು. ಮುಚ್ಚಳ ಹಾಕುವ ಸದ್ದಿಗೆ ಎಲ್ಲರೂ ಬೇರೆ ಕಡೆ ನೋಡುತ್ತಿದ್ದರು.

ಒಂದು ಬೆಳಿಗ್ಗೆ ಬೆಟ್ಟಮ್ಮನ ಹಿಂದೆ ಯಶೋದಮ್ಮ ನಿಂತಿದ್ದಳು. ಯಶೋದಮ್ಮ ಬೆಟ್ಟಮ್ಮನ ಗೆಳತಿಯಲ್ಲ. ಹಾಗೆ ನೋಡಿದರೆ ಮಾತು ಬಿಟ್ಟು ವರ್ಷವಾಗಿತ್ತು. ಅವಳ ಕೋಳಿ ಪಕ್ಕದ ಮನೆಯವನ ಹೆಲ್ಮೆಟ್ಟಿನಲ್ಲಿ ಮೊಟ್ಟೆಯಿಟ್ಟು, ಅವನು ನೋಡದೆ ಹಾಕಿಕೊಂಡದ್ದನ್ನು ಬೆಟ್ಟಮ್ಮ ವಾರ್ತೆಗೆ ಹಾಕಿದ್ದಳು. ಯಶೋದಮ್ಮ ಬೀದಿಯಲ್ಲಿ ನಿಂತು ಬೈದಿದ್ದಳು, ಇವಳೂ ಬೈದಿದ್ದಳು, ಕೇಳಿದವರು ಅದು ವಾರ್ತೆಗಿಂತ ಚೆನ್ನಾಗಿತ್ತು ಎನ್ನುತ್ತಾರೆ.

ಶಿವಶಂಕರ್ ಬೆಟ್ಟಮ್ಮನಿಗೆ ಇಲ್ಲವೆಂದು, "ಮುಂದೆ ಬನ್ನಿ ಯಶೋದಕ್ಕ" ಅಂದ.

ಯಶೋದಮ್ಮ ಕ್ಯಾನನ್ನು ನೆಲಕ್ಕೆ ಕುಕ್ಕಿದಳು. "ಇವ್ಳದು ತೂಗು ಮೊದ್ಲು."

"ಅಧ್ಯಕ್ಷ್ರು ಬ್ಯಾಡ ಅಂದವ್ರಲ್ಲಕ್ಕ."

"ಇವ್ಳು ನನ್ನ ಕೋಳಿನ ಆಡ್ಕಂಡ್ಳು. ನಾನು ಬಾಯಿಗೆ ಬಾಯಿ ಕೊಟ್ಟೆ. ಇವ್ಳ ಹೊಟ್ಟೆ ಮ್ಯಾಲೆ ಹೊಡೆದ್ನಾ? ಆಡ್ಕಂಡೋರ ಹಾಲು ನಿಲ್ಸೋ ಹಂಗಿದ್ರೆ ಈ ಊರಲ್ಲಿ ಯಾರ ಹಾಲು ಹೋಯ್ತದಯ್ಯ ಡೇರಿಗೆ? ಇವತ್ತು ಇವ್ಳು, ನಾಳೆ ನಾನು. ತೂಗು ಅಂದೆ."

"ಯಶೋದಕ್ಕ, ಹಾಲಿನ ಗಾಡಿ ಬರೋ ಹೊತ್ತು."

"ಬರ್ಲಿ. ನನ್ನ ಹಾಲು ಇಲ್ಲೇ ಇರ್ತದೆ."

ಅವಳ ಹಿಂದಿನವಳು ಕ್ಯಾನು ಇಳಿಸಿದಳು. ಅವಳ ಹಿಂದಿದ್ದ ಮುದುಕ, ಏನಾಗುತ್ತಿದೆಯೆಂದು ಕೇಳಿಸದಿದ್ದರೂ, ಎಲ್ಲರೂ ಇಳಿಸುತ್ತಿದ್ದಾರೆಂದು ತಾನೂ ಇಳಿಸಿದ. ಇಳಿಸಿದ ಕ್ಯಾನುಗಳ ಸಾಲು ಬಾಗಿಲಿನಿಂದ ಹೊಂಗೆಮರದವರೆಗೆ ಹೋಯಿತು. ನಮ್ಮ ಡೇರಿಯಲ್ಲಿ ಹಾಲು ತಣ್ಣಗಿಡುವ ಯಂತ್ರವಿಲ್ಲ. ಗಾಡಿ ಬಂದಾಗ ಕೊಡಬೇಕು, ಇಲ್ಲದಿದ್ದರೆ ಒಡೆಯುತ್ತದೆ. ಬಿಸಿಲು ಏರುತ್ತಿತ್ತು. ಗಾಡಿ ಬಂತು, ಡ್ರೈವರು ಹಾರ್ನು ಹೊಡೆದ, ಯಾರೂ ಅಲ್ಲಾಡಲಿಲ್ಲ. ಶಿವಶಂಕರ್ ಫೋನು ತೆಗೆದ.

ನಾಗರಾಜು ಬೈಕಿನಲ್ಲಿ ಬಂದ. ಲುಂಗಿ, ಬನಿಯನ್ನು, ಅರ್ಧ ಮುಖಕ್ಕೆ ಸೋಪಿನ ನೊರೆ. ಅಧ್ಯಕ್ಷನಾದ ಮೇಲೆ ಊರು ಅವನನ್ನು ಬಿಳಿ ಅಂಗಿಯಿಲ್ಲದೆ ನೋಡಿದ್ದು ಅದೇ ಮೊದಲು.

"ಏನಿದೆಲ್ಲ? ಹಾಕ್ರಿ ಹಾಲು! ಒಡೆದೋದ್ರೆ ಯಾರು ಜವಾಬ್ದಾರಿ?"

"ಅಧ್ಯಕ್ಷ್ರು" ಅಂದಳು ಯಶೋದಮ್ಮ.

ನಾಗರಾಜು ಬೆಟ್ಟಮ್ಮನ ಕಡೆ ತಿರುಗಿ ದನಿ ಇಳಿಸಿದ. "ಅತ್ಗೆ, ನಾಳೆ ಕುಂತ್ಕಂಡು ಮಾತಾಡನ. ಈಗ ಇವ್ರಿಗೆಲ್ಲ ಹಾಕಕ್ ಯೋಳು."

"ನಾನು ಯಾರ್ಗೂ ಹಾಕ್ಬೇಡಿ ಅಂದಿಲ್ಲ. ಹಾಕ್ಬೇಡ ಅಂದೋನು ನೀನು."

"ಅದೊಂದನ್ನ ಅಳ್ಸ್ಬುಡು. ಈ ಗಳಿಗೇಲೇ ತೂಗಿಸ್ತೀನಿ."

"ಅಳ್ಸಕಿಲ್ಲ."

"ಕ್ಷಮೆ ಬ್ಯಾಡ. ಬರೀ ಅಳ್ಸು."

"ಅಳ್ಸಕಿಲ್ಲ ಅಂದ್ನಲ್ಲೋ."

ಡ್ರೈವರು ಗಾಡಿ ಸ್ಟಾರ್ಟು ಮಾಡಿದ. ನಾಗರಾಜು ಕ್ಯಾನುಗಳ ಸಾಲು ನೋಡಿದ, ಗಾಡಿ ನೋಡಿದ. ಕೆನ್ನೆಯ ಮೇಲಿನ ನೊರೆ ಒಣಗಿ ಬಿಳಿ ಹೊಪ್ಪಳೆಯಾಗಿತ್ತು. ಬೆಟ್ಟಮ್ಮನನ್ನು ನೋಡದೆ ಶಿವಶಂಕರನಿಗೆ ಅಂದ: "ಹಾಕ್ಕೊಳಯ್ಯ."

ಶಿವಶಂಕರ್ ಮುಖ ಅರಳಿಸಿ ಕ್ಯಾನಿಗೆ ಕೈ ಹಾಕಿದ. ಬೆಟ್ಟಮ್ಮ ಅವನ ಕೈ ಹಿಡಿದಳು.

"ಅಂಗಲ್ಲ. ಕಡ್ಡಿ ಅದ್ದು ಮೊದ್ಲು. ನೀರು ಹಾಕ್ದೋಳು ಅಂತ ಗ್ರೂಪಿಗೆಲ್ಲ ಬರೆದವ್ನೆ. ಡಿಗ್ರಿ ನೋಡಿ ಜೋರಾಗಿ ಓದು. ಗಾಡಿ ಡ್ರೈವರಿಗೂ ಕೇಳ್ಸ್ಬೇಕು."

ಶಿವಶಂಕರ್ ಅದ್ದಿದ. ಕಡ್ಡಿ ತೇಲಿ ನಿಂತಿತು. "ಸರಿಯಾಗದೆ!" ಎಂದು ಕೂಗಿದ. ಮೆಷೀನಿಗೂ ಹಾಕಿ ಕೊಬ್ಬಿನ ಅಂಕಿ ಓದಿದ. ಅಂಕಿ ಚೆನ್ನಾಗಿತ್ತು. ಸರದಿಯಲ್ಲಿದ್ದ ಕೆಲವರು ತಮ್ಮ ಹಾಲಿನ ಅಂಕಿ ನೆನಪಿಸಿಕೊಂಡು ಕ್ಯಾನಿನ ಮುಚ್ಚಳ ಬಿಗಿಮಾಡಿಕೊಂಡರು. ಯಶೋದಮ್ಮ ಕ್ಯಾನು ಎತ್ತಿಕೊಂಡು ಮುಂದೆ ಬಂದು, "ಸರಿ, ಆ ಕಡೆ ಜರುಗು. ನಿನ್ನಿಂದ ಹೊತ್ತಾಯ್ತು" ಅಂದಳು. ಇಬ್ಬರ ನಡುವೆ ಮಾತು ಶುರುವಾದದ್ದು ಹಾಗೆ.

ಬೆಟ್ಟಮ್ಮ ಹಾಲಿನ ಲೆಕ್ಕದ ಚೀಟಿ ಮಡಚಿ ಕುಪ್ಪಸಕ್ಕೆ ಸೇರಿಸಿ, ಖಾಲಿ ಕ್ಯಾನು ಎತ್ತಿಕೊಂಡಳು. ನಾಗರಾಜು ಬೈಕಿನ ಪಕ್ಕದಲ್ಲೇ ನಿಂತಿದ್ದ.

"ಅತ್ಗೆ, ಆಗಿದ್ದಾಯ್ತು. ಇನ್ಮ್ಯಾಲಾದ್ರೂ ನನ್ನ ವಿಷ್ಯ ಯೋಳದು ಬುಟ್ಬುಡು."

ಬೆಟ್ಟಮ್ಮ ಅವನ ಲುಂಗಿಯಿಂದ ಹಿಡಿದು ಅರ್ಧ ಬೋಳಿಸಿದ ಮುಖದವರೆಗೆ ನಿಧಾನವಾಗಿ ನೋಡಿದಳು.

"ನೀನು ಮಾಡದು ಬುಡು ನಾಗ, ನಾನು ಯೋಳದು ಬುಡ್ತೀನಿ."